ನೆತ್ತಿಗೆ ಹತ್ತದ ತುತ್ತು

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ ಗಂಜಿ ಕುಡಿಸಿ ಬಂದ ಮನೆಯವರು, “ಒಮ್ಮೆಯೂ ಕೆಮ್ಮಲಿಲ್ಲ, ಸರಾಗವಾಗಿ ಇಳಿಯಿತು” ಎಂದು ಸಮಾಧಾನಪಡುವುದುಂಟು. ಈ ಸಮಾಧಾನ ಯಾವಾಗಲೂ ನಿಜವಲ್ಲ.

ಉಣ್ಣುವಾಗ ಅಗುಳೊಂದು ಶ್ವಾಸನಾಳದತ್ತ ಹೊರಳಿದರೆ ನೆತ್ತಿಗೆ ಹತ್ತಿತೆನ್ನುತ್ತೇವೆ; ಯಾರೋ ನೆನೆಸಿಕೊಂಡರೆಂದು ತಲೆ ತಟ್ಟುತ್ತೇವೆ. ವಾಸ್ತವವಾಗಿ ಅದು ದೇಹದ ಕಾವಲು. ಧ್ವನಿಪೆಟ್ಟಿಗೆಯ ಮೇಲಣ ತೆಳುಪೊರೆಯು ಸ್ಪರ್ಶವನ್ನು ಅರಿತೊಡನೆ ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ, ಕೆಮ್ಮು ಏಳುತ್ತದೆ. ಆ ಪೊರೆಯೇ ಜಡವಾದರೆ? ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಲ್ಲದು.

ನಾಲಿಗೆಯ ಬುಡವನ್ನು ಒತ್ತಿ ಓಕರಿಕೆ ಬರುವುದೇ ಎಂದು ನೋಡುವ ಹಳೆಯ ಕ್ರಮದಿಂದ ಇದು ತಿಳಿಯದು. ಆರೋಗ್ಯವಂತರಲ್ಲಿಯೂ ಅನೇಕರಿಗೆ ಓಕರಿಕೆ ಬಾರದು. ಮೇಲಾಗಿ ಅದರ ಸುದ್ದಿಯನ್ನು ಒಯ್ಯುವ ನರವೇ ಬೇರೆ.

ಮೂಗಿನ ಮೂಲಕ ತೆಳುವಾದ ಎಂಡೋಸ್ಕೋಪ್ ಇಳಿಸಿ, ರೋಗಿ ನುಂಗುವುದನ್ನು ಕಣ್ಣಾರೆ ಕಾಣುವ ಪರೀಕ್ಷೆಯನ್ನು ಅಮೆರಿಕದ ಸುಸಾನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 1988ರಲ್ಲಿ ವಿವರಿಸಿದರು. 1993ರಲ್ಲಿ ಜೊನಾಥನ್ ಅವಿವ್ ಮತ್ತು ಸಂಗಡಿಗರು ಗಂಟಲಿನ ಸಂವೇದನೆಯನ್ನು ಅಳೆಯುವ ಉಪಾಯವನ್ನು ಪ್ರಕಟಿಸಿದರು. ಮುಂದೆ ಈ ಎರಡೂ ಒಂದುಗೂಡಿದವು. ಎಂಡೋಸ್ಕೋಪಿನ ತುದಿಯಿಂದ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಹೊತ್ತು ಗಾಳಿಯ ಸಣ್ಣ ಊದನ್ನು ಪೊರೆಯ ಮೇಲೆ ಬಿಡುತ್ತಾರೆ. ಧ್ವನಿತಂತುಗಳು ಥಟ್ಟನೆ ಕೂಡಿದರೆ ಸ್ಪರ್ಶ ತಿಳಿಯಿತೆಂದರ್ಥ. ಪಾದರಸದ 4 ಮಿಲಿಮೀಟರಿಗಿಂತ ಕಡಿಮೆ ಒತ್ತಡಕ್ಕೆ ಸ್ಪಂದಿಸಿದರೆ ಸಹಜ. 6ನ್ನು ಮೀರಿದ ಒತ್ತಡ ಬೇಕಾದರೆ ಸಂವೇದನೆ ತೀರ ಕುಂದಿದೆ. ರೋಗಿ ಏನನ್ನೂ ಹೇಳಬೇಕಾಗಿಲ್ಲ. ಮಾತು ಕಳೆದುಕೊಂಡವರ ಪಾಲಿಗೆ ಇದೇ ದೊಡ್ಡ ಉಪಕಾರ. ಗಂಟಲಿಗೆ ಮರಗಟ್ಟಿಸುವ ಔಷಧಿಯನ್ನು ಮಾತ್ರ ಸಿಂಪಡಿಸಬಾರದು. ಅಳೆಯಬೇಕಾದುದನ್ನೇ ಅಳಿಸಿದಂತಾದೀತು!

ಗಾಳಿಯೂದುವ ಈ ಉಪಕರಣ ಎಲ್ಲೆಡೆಯೂ ಇಲ್ಲ. ಇಲ್ಲದೆಡೆ ವೈದ್ಯರು ಎಂಡೋಸ್ಕೋಪಿನ ತುದಿಯಿಂದಲೇ ಮೆಲ್ಲಗೆ ಮುಟ್ಟಿ ನೋಡುವರು. ಅಳತೆ ಸಿಗದಿದ್ದರೂ ಸುಳಿವು ಸಿಗುತ್ತದೆ. ಅದರ ಆಧಾರದಿಂದ ಗಂಜಿ ಎಷ್ಟು ಗಟ್ಟಿಯಿರಬೇಕು, ತುತ್ತು ಎಷ್ಟಿರಬೇಕು, ತಲೆ ಬಗ್ಗಿಸಿ ನುಂಗಬೇಕೇ, ಕೆಲವು ದಿನ ನಳಿಕೆಯ ಮೂಲಕವೇ ಆಹಾರ ಕೊಡಬೇಕೇ ಎಂಬುದನ್ನು ನಿರ್ಧರಿಸಬಹುದು. ಒಬ್ಬರಿಗೆ ಒಪ್ಪಿದ ಭಂಗಿ ಇನ್ನೊಬ್ಬರಿಗೆ ಒಪ್ಪದು. ನೆರೆಮನೆಯವರ ಸಲಹೆ ಇಲ್ಲಿ ಸಲ್ಲದು.

ಮನೆಯವರು ಹಿರಿಯರನ್ನು ನೆಟ್ಟಗೆ ಕೂರಿಸಿಯೇ ಉಣಿಸಬೇಕು. ಮಲಗಿದಲ್ಲಿಯೇ ಚಮಚದಿಂದ ನೀರು ಹನಿಸುವ ವಾಡಿಕೆಯನ್ನು ಬಿಡಬೇಕು. ದಿನವೂ ಬಾಯಿ ಶುಚಿಗೊಳಿಸಬೇಕು. ಉಂಡ ಬಳಿಕ ಎರಡು ಮಾತಾಡಿಸಿ ನೋಡಿರಿ. ದನಿಯು ನೀರೊಳಗಿಂದ ಬಂದಂತೆ ಗೊರಗೊರ ಎಂದರೆ, ಅಥವಾ ಜ್ವರ ಮರಳಿ ಮರಳಿ ಬಂದರೆ, ಕೆಮ್ಮು ಇಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತಿಳಿಸಿರಿ.