ಅಂಚೆಯ ಪಾಠಕ್ಕೂ ಗುರು ಬೇಕು

ಮದುವೆಯ ಕಾರಣದಿಂದಲೋ, ನೌಕರಿಯ ಕಾರಣದಿಂದಲೋ, ಮನೆಯ ಅಡಚಣೆಯಿಂದಲೋ ಅರ್ಧಕ್ಕೆ ನಿಂತ ಓದನ್ನು ಮತ್ತೆ ಕೈಗೆತ್ತಿಕೊಂಡವರು ಇಂದು ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ. ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಪುಸ್ತಕ ತೆರೆಯುವ ಸೊಸೆ, ಅಂಗಡಿಯ ಗಲ್ಲದ ಬದಿಯಲ್ಲಿಯೇ ಪಾಠದ ಹೊತ್ತಗೆ ಇಟ್ಟುಕೊಂಡ ತರುಣ, ನಿವೃತ್ತಿಯ ತರುವಾಯ ಎಂ.ಎ. ಪದವಿಯ ಹಂಬಲ ತೀರಿಸಿಕೊಳ್ಳಹೊರಟ ಹಿರಿಯರು, ಇವರಿಗೆಲ್ಲ ದೂರಶಿಕ್ಷಣವೇ ಆಸರೆ. ಈ ಶಿಕ್ಷಣದ ಮಾತು ಬಂದಾಗ ಪದವಿಯ ಮಾನ್ಯತೆ, ಪರೀಕ್ಷೆಯ ವಿಳಂಬ, ಶುಲ್ಕದ ಏರಿಕೆ ಇವೇ ಚರ್ಚೆಗೆ ಬರುತ್ತವೆ. ಇವರ ಉತ್ತರಗಳನ್ನು ಓದಿ ತಿದ್ದುವ, ಭಾನುವಾರದ ಸಂಪರ್ಕ ತರಗತಿಯಲ್ಲಿ ಇವರೆದುರು ಕುಳಿತುಕೊಳ್ಳುವ ಬೋಧಕರನ್ನು ಕುರಿತು ಆಲೋಚಿಸುವವರು ವಿರಳ. ಈ ತಿಂಗಳು ಅವರ ವಿಚಾರವನ್ನೇ ಎತ್ತಿಕೊಂಡಿದ್ದೇನೆ.

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಇನ್ನೊಂದು ತರಬೇತಿ ಏತಕ್ಕೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ತರಗತಿಯಲ್ಲಿ ಅಧ್ಯಾಪಕರಿಗೆ ವಿದ್ಯಾರ್ಥಿಯ ಮುಖ ಕಾಣುತ್ತದೆ. ಅರ್ಥವಾಗದಿದ್ದರೆ ಹುಬ್ಬು ಗಂಟಿಕ್ಕುತ್ತದೆ. ಅದನ್ನು ನೋಡಿದ ಅಧ್ಯಾಪಕರು ಮಾತನ್ನು ಬದಲಿಸಿ ಮತ್ತೊಮ್ಮೆ ಹೇಳುತ್ತಾರೆ. ದೂರಶಿಕ್ಷಣದ ವಿದ್ಯಾರ್ಥಿನಿಗೆ ಸಂದೇಹ ಹುಟ್ಟುವುದು ರಾತ್ರಿ ಹತ್ತು ಗಂಟೆಗೆ, ಮನೆಯವರೆಲ್ಲ ಮಲಗಿದ ಮೇಲೆ. ಆಗ ಅವಳೆದುರು ಯಾರೂ ಇರುವುದಿಲ್ಲ. ಆ ಸಂದೇಹ ಅವಳು ಬರೆದು ಕಳುಹಿಸುವ ಉತ್ತರದಲ್ಲಿ ಎಲ್ಲೋ ಒಂದೆಡೆ ಅಡಗಿ ಕುಳಿತಿರುತ್ತದೆ. ಅದನ್ನು ಹುಡುಕಿ ತೆಗೆದು, ಬರಹದಲ್ಲಿಯೇ ಪರಿಹರಿಸುವುದು ಒಂದು ಪ್ರತ್ಯೇಕವಾದ ವಿದ್ಯೆ. ವಾಗ್ಮಿಗಳಾದ ಅಧ್ಯಾಪಕರಿಗೆಲ್ಲ ಅದು ತಾನಾಗಿಯೇ ಒಲಿಯುವುದಿಲ್ಲ.

ಈ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಾಗ ಐಸಾಕ್ ಪಿಟ್‌ಮನ್ ಅಂಚೆಯ ಮೂಲಕವೇ ಶೀಘ್ರಲಿಪಿಯನ್ನು ಕಲಿಸತೊಡಗಿದ. ವಿದ್ಯಾರ್ಥಿಗಳು ಅಭ್ಯಾಸವನ್ನು ಬರೆದು ಕಳುಹಿಸುವರು, ಅದು ತಿದ್ದುಪಡಿಯಾಗಿ ಮರಳಿ ಬರುವುದು. ಅಂದರೆ ತಿದ್ದುವ ಕೆಲಸವೇ ಅಲ್ಲಿ ಪಾಠದ ಜೀವಾಳವಾಗಿತ್ತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ ಸಂಸ್ಥೆಯೇ ಮುಂದೆ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡದ್ದು 1985ರಲ್ಲಿ. 1987ರಲ್ಲಿ ಅದು ಮೊದಲಿಗೆ ಆರಂಭಿಸಿದ ಎರಡು ಕೋರ್ಸುಗಳಲ್ಲಿ ದೂರಶಿಕ್ಷಣದ ಡಿಪ್ಲೊಮಾ ಒಂದಾಗಿತ್ತೆಂಬುದು ಗಮನಾರ್ಹ. ಕಲಿಸುವವರೂ ಕಲಿಯಬೇಕೆಂಬುದನ್ನು ಅದರ ಸ್ಥಾಪಕರು ಆರಂಭದಲ್ಲಿಯೇ ಮನಗಂಡಿದ್ದರು. ಸಿಬ್ಬಂದಿಯ ತರಬೇತಿ ಮತ್ತು ಸಂಶೋಧನೆಗಾಗಿಯೇ 1993ರಲ್ಲಿ ಅಲ್ಲಿ ಒಂದು ಪ್ರತ್ಯೇಕ ಸಂಸ್ಥೆಯೂ ರೂಪುಗೊಂಡಿತು.

ಈ ವಿಶ್ವವಿದ್ಯಾನಿಲಯದ ಬಹುತೇಕ ಕೋರ್ಸುಗಳಲ್ಲಿ ನಿಯೋಜಿತ ಕಾರ್ಯಕ್ಕೆ, ಎಂದರೆ ಎಲ್ಲರೂ ಅಸೈನ್‌ಮೆಂಟ್ ಎಂದು ಕರೆಯುವ ಉತ್ತರಗಳಿಗೆ, ಶೇಕಡಾ 30ರ ಪ್ರಾಧಾನ್ಯವಿದ್ದು ಉಳಿದ 70 ಪರೀಕ್ಷೆಗೆ ಸಲ್ಲುತ್ತದೆ. ಆದರೆ ಅಸೈನ್‌ಮೆಂಟನ್ನು ಕೇವಲ ಅಂಕಗಳ ಮೂಲವೆಂದು ಎಣಿಸುವುದು ದೊಡ್ಡ ತಪ್ಪು. ಬೋಧಕರಿಗೂ ವಿದ್ಯಾರ್ಥಿಗೂ ನಡೆಯುವ ಏಕೈಕ ಸಂಭಾಷಣೆ ಎಷ್ಟೋ ಸಲ ಅದೇ ಆಗಿರುತ್ತದೆ. ಸ್ವೀಡನ್ನಿನ ಶಿಕ್ಷಣತಜ್ಞ ಬೋರ್ಜೆ ಹೋಲ್ಮ್‌ಬರ್ಗ್ ದೂರಶಿಕ್ಷಣವನ್ನು ಮಾರ್ಗದರ್ಶನವುಳ್ಳ ಒಂದು ಬೋಧನಾ ಸಂಭಾಷಣೆ ಎಂದೇ ನಿರೂಪಿಸಿದರು. ಈ ದೃಷ್ಟಿಯಿಂದ ನೋಡಿದರೆ, ಅಂಚಿನಲ್ಲಿ ಕೆಂಪು ಶಾಯಿಯ ಒಂದು ಗೆರೆ, ಕೊನೆಯಲ್ಲಿ ‘ಉತ್ತಮ’ ಅಥವಾ ‘ಇನ್ನೂ ಚೆನ್ನಾಗಿ ಬರೆಯಬೇಕು’ ಎಂಬ ಒಂದು ಒಕ್ಕಣೆ, ಇದು ಸಂಭಾಷಣೆಯೇ ಅಲ್ಲ. ಹೇಗೆ ಚೆನ್ನಾಗಿ ಬರೆಯಬೇಕೆಂದು ತಿಳಿದಿದ್ದರೆ ಆ ತಾಯಿ ಹಾಗೆಯೇ ಬರೆಯುತ್ತಿದ್ದಳಲ್ಲವೆ?

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಅರ್ಥಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಇಳಿಮುಖ ಪ್ರತಿಫಲದ ನಿಯಮವನ್ನು ವಿವರಿಸುತ್ತಾ, ಆಳುಗಳನ್ನು ಹೆಚ್ಚಿಸಿದಂತೆಲ್ಲ ಹೆಚ್ಚುವರಿ ಬೆಳೆ ಕಡಿಮೆಯಾಗುತ್ತದೆ ಎಂದಷ್ಟೇ ಬರೆದಿದ್ದಾಳೆ. ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ಮುಂದಿನ ಪುಟ ತಿರುವಿಹಾಕುವುದು ಸುಲಭ. ತರಬೇತಿ ಪಡೆದ ಬೋಧಕರು ಹೀಗೆ ಬರೆದಾರು: ‘ನಿಯಮದ ತಿರುಳನ್ನು ನೀವು ಸರಿಯಾಗಿ ಹಿಡಿದಿದ್ದೀರಿ. ಒಂದು ಷರತ್ತು ಮಾತ್ರ ಬಿಟ್ಟುಹೋಗಿದೆ. ಆಳುಗಳು ಹೆಚ್ಚಿದರೂ ಹೊಲ ಅದೇ ಎರಡು ಎಕರೆಯಾಗಿರಬೇಕು. ಹೊಲವೂ ಹಿಗ್ಗಿದರೆ ಏನಾದೀತು? ಎರಡನೆಯ ಘಟಕದ ಕೋಷ್ಟಕವನ್ನು ಇನ್ನೊಮ್ಮೆ ನೋಡಿ, ನಿಮ್ಮೂರಿನ ಮೆಣಸಿನಕಾಯಿ ಹೊಲದ ಉದಾಹರಣೆ ತೆಗೆದುಕೊಂಡು ನಾಲ್ಕು ಸಾಲು ಬರೆಯಿರಿ.’ ಇಲ್ಲಿ ಸರಿಯಾದುದನ್ನು ಮೊದಲು ಗುರುತಿಸಲಾಗಿದೆ, ತಪ್ಪು ಎಲ್ಲಿದೆಯೆಂದು ಬೊಟ್ಟುಮಾಡಿ ತೋರಿಸಲಾಗಿದೆ, ಮುಂದೆ ಮಾಡಬೇಕಾದ ಕೆಲಸವೂ ಹೇಳಲ್ಪಟ್ಟಿದೆ. ಅಂಕ ಅದೇ ನಾಲ್ಕಾಗಿರಬಹುದು; ಅದನ್ನು ಕೈಗೆತ್ತಿಕೊಂಡವಳು ಮಾತ್ರ ಪುಸ್ತಕ ಮುಚ್ಚಿಡುವುದಿಲ್ಲ. ಇಂಥ ಟಿಪ್ಪಣಿಗೆ ಐದು ನಿಮಿಷ ಸಾಕು, ಆದರೆ ಅದನ್ನು ಬರೆಯುವ ರೂಢಿ ಬರಲು ಅಭ್ಯಾಸ ಬೇಕು.

ಸಮಯಪಾಲನೆಯೂ ಅಷ್ಟೇ ಮುಖ್ಯ. ನಾರ್ವೆ ದೇಶದಲ್ಲಿ ಟೋರ್‌ಸ್ಟೈನ್ ರೆಕ್ಕೆಡಾಲ್ ಎಂಬ ಸಂಶೋಧಕರು ಉತ್ತರಗಳು ತಿದ್ದುಪಡಿಯಾಗಿ ಮರಳುವ ಅವಧಿಯನ್ನು ಕೆಲವೇ ದಿನಗಳಷ್ಟು ಕಡಿತಗೊಳಿಸಿ ಪರಿಶೀಲಿಸಿದಾಗ, ಕೋರ್ಸನ್ನು ಪೂರ್ಣಗೊಳಿಸಿದವರ ಪ್ರಮಾಣ ಗಣನೀಯವಾಗಿ ಹೆಚ್ಚಿದ್ದು ಕಂಡುಬಂತು. ನಮ್ಮಲ್ಲಿಯೋ, ಪರೀಕ್ಷೆ ಮುಗಿದ ಮೇಲೆ ಉತ್ತರ ಕೈಸೇರಿದರೆ ಅದೇ ಭಾಗ್ಯ! ಮರಳಿ ಬಾರದೆಯೇ ಉಳಿಯುವ ಉತ್ತರಗಳೂ ಇವೆ.

ಇನ್ನು ಸಂಪರ್ಕ ತರಗತಿ. ಅದು ಉಪನ್ಯಾಸಕ್ಕೆ ಮೀಸಲಾದುದಲ್ಲ. ವಿದ್ಯಾರ್ಥಿಗಳು ಓದಿಕೊಂಡು ಬಂದು ತಮ್ಮ ತೊಡಕುಗಳನ್ನು ಮುಂದಿಡಬೇಕಾದ ಸ್ಥಳ. ಆದರೂ ಬಹುತೇಕ ಕಡೆ ಅಧ್ಯಾಪಕರು ವಾರದ ತರಗತಿಯ ಟಿಪ್ಪಣಿಗಳನ್ನೇ ಭಾನುವಾರವೂ ಓದಿಹೇಳುತ್ತಾರೆ. ವಿದ್ಯಾರ್ಥಿಗಳೂ ಬರೆದುಕೊಳ್ಳುತ್ತಾರೆ, ಇಬ್ಬರಿಗೂ ಅದೇ ಹಿತ. ಮೂವತ್ತೈದು ವರ್ಷದ ಗೃಹಿಣಿ ಇಪ್ಪತ್ತರ ತರುಣರ ಮುಂದೆ ಬಾಯಿ ಬಿಡಲು ಸಂಕೋಚಪಡುತ್ತಾಳೆಂಬುದನ್ನು ಬೋಧಕರು ಅರಿತಿರಬೇಕು. ಅವಳಿಂದ ಪ್ರಶ್ನೆಯನ್ನು ಹೊರಡಿಸಲು ಕೆಲವೊಮ್ಮೆ ಸುಮ್ಮನೆ ಕಾಯಬೇಕು, ಕೆಲವೊಮ್ಮೆ ಇಬ್ಬಿಬ್ಬರನ್ನು ಜೊತೆಗೂಡಿಸಿ ಮಾತನಾಡಿಸಬೇಕು.

ಹಾಗಾದರೆ ತರಬೇತಿ ಎಂಥದಿರಬೇಕು? ಒಂದು ದಿನದ ಸಭೆ, ಅತಿಥಿಗಳ ಭಾಷಣ, ಊಟ, ಪ್ರಮಾಣಪತ್ರ, ಇದರಿಂದ ಏನೂ ಆಗದು. ಒಬ್ಬ ವಿದ್ಯಾರ್ಥಿಯ ಒಂದೇ ಉತ್ತರದ ಪ್ರತಿಯನ್ನು ಹತ್ತು ಮಂದಿ ಬೋಧಕರಿಗೆ ಕೊಟ್ಟು ಪ್ರತ್ಯೇಕವಾಗಿ ತಿದ್ದಲು ಹೇಳಿದರೆ, ಅಂಕಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ಇರುವ ಅಂತರ ಅವರಿಗೇ ಗೋಚರವಾಗುತ್ತದೆ. ಅದರ ಮೇಲೆ ನಡೆಯುವ ಚರ್ಚೆ ಎಲ್ಲ ಭಾಷಣಗಳಿಗಿಂತ ಮಿಗಿಲು. 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ, ಬೋಧಕರು ತಿದ್ದಿದ ಉತ್ತರಗಳಲ್ಲಿ ಕೆಲವನ್ನು ಹಿರಿಯರು ಪರಿಶೀಲಿಸಿ, ಟಿಪ್ಪಣಿಗಳು ಹೇಗಿವೆಯೆಂದು ಅವರಿಗೆ ತಿಳಿಸುವ ಪದ್ಧತಿಯಿದೆ. ಇದು ಅನುಕರಣಯೋಗ್ಯ. ಪರೀಕ್ಷಾ ಅರ್ಜಿ, ಶುಲ್ಕದ ಗಡುವು, ಅಧ್ಯಯನ ಕೇಂದ್ರದ ಬದಲಾವಣೆ ಮುಂತಾದ ನಿಯಮಗಳೂ ಬೋಧಕರಿಗೆ ತಿಳಿದಿರಲೇಬೇಕು, ಏಕೆಂದರೆ ಗಡುವು ಗೊತ್ತಿಲ್ಲದೆ ಓದು ಬಿಟ್ಟವರೂ ಇದ್ದಾರೆ.

ಅಂಚೆಯ ಸ್ಥಾನವನ್ನು ಈಗ ಬಹುಮಟ್ಟಿಗೆ ಮೊಬೈಲು ಆಕ್ರಮಿಸಿದೆ. ವಾಟ್ಸಾಪ್ ಗುಂಪು ಮಾಡಿದ ಮಾತ್ರಕ್ಕೆ ವಿದ್ಯಾರ್ಥಿ ಹತ್ತಿರವಾದನೆಂದು ಭ್ರಮಿಸುವುದು ಬೇಡ. ಇನ್ನೂರು ಮಂದಿಯ ಗುಂಪಿನಲ್ಲಿ ಸುತ್ತೋಲೆಗಳ ರಾಶಿಯ ನಡುವೆ ಒಬ್ಬಳ ಪ್ರಶ್ನೆ ಕಣ್ಮರೆಯಾಗುವುದು ಸುಲಭ. ಉತ್ತರವನ್ನು ಓದಿ ಆಕೆಯ ಹೆಸರು ಹಿಡಿದು ನಾಲ್ಕು ಮಾತು ಬರೆಯುವ ವಿದ್ಯೆ ಅಲ್ಲಿಯೂ ಬೇಕೇ ಬೇಕು.

ಬೋಧಕರ ಪಕ್ಷದ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಒಂದು ಉತ್ತರಕ್ಕೆ ಇಷ್ಟೆಂದು ಅಲ್ಪ ಸಂಭಾವನೆ ನಿಗದಿಪಡಿಸಿ, ರಾಶಿ ರಾಶಿ ಕಟ್ಟುಗಳನ್ನು ಮುಂದೆ ಸುರಿದು, ವಿವರವಾದ ಟಿಪ್ಪಣಿ ಬರೆಯಿರೆಂದರೆ ಯಾರು ತಾನೆ ಬರೆದಾರು? ಸಂಭಾವನೆಯೂ ಉತ್ತರಗಳ ಸಂಖ್ಯೆಯೂ ಸರಿಹೋಗದೆ ತರಬೇತಿಯೊಂದೇ ಫಲ ಕೊಡದು.

ವಾಚಕ ಕುಟುಂಬಗಳಿಗೆ ಒಂದು ವಿನಂತಿ. ನಿಮ್ಮ ಮನೆಯವರ ಅಸೈನ್‌ಮೆಂಟು ಬರಿಯ ಅಂಕದೊಡನೆ ಮರಳಿದರೆ, ಅಥವಾ ಮರಳದೇ ಇದ್ದರೆ, ನೋಂದಣಿ ಸಂಖ್ಯೆಯನ್ನು ನಮೂದಿಸಿ ಅಧ್ಯಯನ ಕೇಂದ್ರದ ಸಂಯೋಜಕರಿಗೆ ವಿನಯಪೂರ್ವಕವಾದ ಒಂದು ಪತ್ರ ಬರೆಯಿರಿ. ಅದರ ಒಂದು ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿರಿ.