ಹಳದಿಯಾದದ್ದೆಲ್ಲ ಹಣ್ಣಲ್ಲ

ಮಾವಿನ ಸುಗ್ಗಿ ಸರಿಯಾಗಿ ಆರಂಭವಾಗುವ ಮೊದಲೇ ಗಾಡಿಗಳ ಮೇಲೆ ಹಳದಿ ಹಣ್ಣುಗಳು ಹೊಳೆಯತೊಡಗುತ್ತವೆ. ಮಕ್ಕಳು ಹಟ ಹಿಡಿಯುತ್ತಾರೆ. ದುಬಾರಿ ಬೆಲೆ ಕೊಟ್ಟು ತಂದು ಕತ್ತರಿಸಿದರೆ ಒಳಗೆ ಬಿಳಿಚಿದ ತಿರುಳು, ಬಾಯಿಗಿಟ್ಟರೆ ಹುಳಿ. 'ಈ ಸಲ ಮಾವು ಚೆನ್ನಾಗಿಲ್ಲ' ಎನ್ನುತ್ತೀರಿ. ಸಹೋದರಿಯರೇ, ಹೆಚ್ಚಿನ ಸಲ ತಪ್ಪು ಮರದ್ದಲ್ಲ, ಕೊಯ್ದವರ ಅವಸರದ್ದು.

ಕಾಯಿ ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ. ಹಣ್ಣಾಗುವುದು ನಿಮ್ಮ ಮನೆಯ ಮೂಲೆಯಲ್ಲೂ ನಡೆಯುತ್ತದೆ. ಆದರೆ ಬಲಿಯುವುದು ಮರದಲ್ಲಿ ಮಾತ್ರ. ಕಾಯಿ ಮರದಲ್ಲಿರುವಾಗ ಅದರೊಳಗೆ ಪಿಷ್ಟ ತುಂಬುತ್ತದೆ. ಕೊಯ್ದ ಬಳಿಕ ಆ ಪಿಷ್ಟವೇ ಸಕ್ಕರೆಯಾಗುತ್ತದೆ. ತೊಟ್ಟು ಕಳಚಿದ ಮೇಲೆ ಮರದಿಂದ ಏನೂ ಬರುವುದಿಲ್ಲ. ಎಳೆಗಾಯಿಯನ್ನು ಎಷ್ಟು ದಿನ ಇಟ್ಟರೂ ಅದು ಮೆತ್ತಗಾಗಬಹುದು, ಸಿಪ್ಪೆ ಸುಕ್ಕಾಗಬಹುದು; ಸಿಹಿ ಮತ್ತು ಪರಿಮಳ ಮಾತ್ರ ಬಾರದು.

ಹಾಗೆಂದು ಕೊಯ್ಲು ತೀರಾ ತಡವಾಗಲೂಬಾರದು. ನಾವು ಬಾದಾಮಿ ಎಂದು ಕರೆಯುವ ಆಪೂಸ್ ಮರದಲ್ಲೇ ಅತಿಯಾಗಿ ಬಲಿತರೆ ಹೊರಗೆ ಚೆಂದ ಕಂಡರೂ ಒಳಗೆ ಗೊರಟೆಯ ಸುತ್ತ ತಿರುಳು ಸ್ಪಂಜಿನಂತಾಗುವ ಸಂಭವ ಹೆಚ್ಚು.

ಅವಸರಕ್ಕೆ ಕಾರಣ ಹಣ. ಮೊದಲು ಮಾರುಕಟ್ಟೆಗೆ ಬಂದ ಮಾಲಿಗೆ ಹೆಚ್ಚು ಬೆಲೆ. ನಮ್ಮಲ್ಲಿ ಮರ ಹೂಬಿಟ್ಟಾಗಲೇ ತೋಟವನ್ನು ಗುತ್ತಿಗೆಗೆ ಕೊಡುವ ರೂಢಿಯೂ ಇದೆ. ಹಾಕಿದ ಹಣ ಬೇಗ ಕೈಸೇರಲಿ ಎಂದು ಗುತ್ತಿಗೆದಾರ ಬಯಸುತ್ತಾನೆ. ಫಲ ಬಲಿತ ಲಕ್ಷಣ ತೋರುವ ಮೊದಲು ಅದನ್ನು ಮಾರುವುದನ್ನು ಪ್ರವಾದಿಯವರು(ಸ) ತಡೆದಿದ್ದರೆಂದು ಹದೀಸ್‌ಗಳಲ್ಲಿದೆ. ಕೊಳ್ಳುವವನಿಗೂ ಮಾರುವವನಿಗೂ ನಷ್ಟವಾಗದಿರಲಿ ಎಂಬ ಕಾಳಜಿ ಅದರಲ್ಲಿದೆ.

ಎಳೆಗಾಯಿಗೆ ಬಣ್ಣ ಬರಿಸಲು ಕೆಲವರು ಕ್ಯಾಲ್ಸಿಯಂ ಕಾರ್ಬೈಡ್ ಬಳಸುತ್ತಾರೆ. ಅದರಲ್ಲಿ ಆರ್ಸೆನಿಕ್, ರಂಜಕಗಳ ಅಂಶ ಇರುವ ಅಪಾಯವಿದೆ. 2011ರ ಆಹಾರ ಸುರಕ್ಷತಾ ನಿಯಮಗಳು ಇದನ್ನು ನಿಷೇಧಿಸಿವೆ. ಎಥಿಲೀನ್ ಅನಿಲವನ್ನು ಮಿತಿಯಲ್ಲಿ ಬಳಸಲು ಅನುಮತಿಯಿದೆ. ಹಣ್ಣು ಮಾಗುವಾಗ ತಾನೇ ಹೊರಡಿಸುವ ಅನಿಲವದು. ಆದರೆ ಅದೂ ಬಲಿತ ಕಾಯಿಯನ್ನು ಹಣ್ಣು ಮಾಡೀತೇ ಹೊರತು, ಎಳೆಗಾಯಿಗೆ ಇಲ್ಲದ ಸಿಹಿಯನ್ನು ತುಂಬಲಾರದು.

ಹಾಗಾದರೆ ಗುರುತಿಸುವುದು ಹೇಗೆ? ತೊಟ್ಟಿನ ಸುತ್ತ ನೋಡಿ. ಎಳೆಗಾಯಿಯ ಭುಜ ತೊಟ್ಟಿನಿಂದ ಕೆಳಕ್ಕೆ ಜಾರಿರುತ್ತದೆ. ಬಲಿತ ಕಾಯಿಯ ಭುಜ ತುಂಬಿ ಮೇಲೆದ್ದು, ತೊಟ್ಟು ಸಣ್ಣ ಗುಳಿಯಲ್ಲಿ ಕೂತಂತೆ ಕಾಣುತ್ತದೆ. ಗಟ್ಟಿಕಾಯಿ ತಂದಿದ್ದರೆ ಬಕೆಟ್ ನೀರಿಗೆ ಹಾಕಿ. ಸಾಮಾನ್ಯವಾಗಿ ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದ್ದನ್ನು ಎಸೆಯಬೇಡಿ, ಚಟ್ನಿಗೋ ಉಪ್ಪಿನಕಾಯಿಗೋ ಆದೀತು. ಒಂದು ಕಾಯಿ ಕತ್ತರಿಸಿ ನೋಡುವುದಾದರೆ, ಗೊರಟೆಯ ಬಳಿ ತಿರುಳು ಹಳದಿಗೆ ತಿರುಗಿರಬೇಕು.

ಮುಳುಗಿದ ಕಾಯಿಗಳನ್ನು ಒರೆಸಿ, ನಮ್ಮ ಅಜ್ಜಿಯಂದಿರಂತೆ ಒಣಹುಲ್ಲಿನಲ್ಲಿ ಅಡೆ ಹಾಕಿ. ಹುಲ್ಲಿಲ್ಲದಿದ್ದರೆ ಕಾಗದ ಸುತ್ತಿ ಬುಟ್ಟಿಯಲ್ಲಿಡಿ. ಹಣ್ಣಾಗುವ ತನಕ ಫ್ರಿಜ್ಜಿಗೆ ಇಡಬೇಡಿ. ಆ ತಂಪಿಗೆ ಕಾಯಿ ಕೆಡುತ್ತದೆ, ಮುಂದೆ ಸರಿಯಾಗಿ ಮಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಎರಡು ವಾರ ತಾಳಿ. ಹೊತ್ತಿಗೆ ಮೊದಲೇ ಬಂದ ಹಣ್ಣನ್ನು ನಾವು ಕೊಳ್ಳುವುದರಿಂದಲೇ ಅದು ಮಾರುಕಟ್ಟೆಗೆ ಬರುತ್ತದೆ. ನಮ್ಮ ಬುಟ್ಟಿ ಕಾಯಲು ಕಲಿತರೆ ಮರದಲ್ಲಿರುವ ಕಾಯಿಗೂ ಬಲಿಯಲು ಸಮಯ ಸಿಕ್ಕೀತು.