ಅಕ್ಕೋರೆ, ದೆವ್ವದ ಪುಸ್ತಕ ಇದ್ಯಾ?

ಮನೆ ತೆರಿಗೆ ಕಟ್ಟಿದ ಮೇಲೆ ರಸೀದಿಯ ಕೊನೆಯ ಮೊತ್ತ ನೋಡಿ ಮಡಚಿಡುವುದು ನಮ್ಮೆಲ್ಲರ ಅಭ್ಯಾಸ. ಈ ಸಲ ನಡುವಿನ ಸಾಲುಗಳನ್ನೂ ಓದಿ. ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3. ಗ್ರಂಥಾಲಯವನ್ನು ಭಿಕ್ಷುಕರ ಪಕ್ಕದಲ್ಲೇ ಏಕೆ ಕೂರಿಸಿದ್ದಾರೆ ಎಂಬುದು ಗ್ರಂಥಾಲಯಕ್ಕೆ ಹೋಗಿಬಂದವರಿಗೆ ಗೊತ್ತು.

ಸೆಸ್ ಎತ್ತುವ ಅಧಿಕಾರವನ್ನು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. ಎತ್ತಿದ್ದನ್ನು ಗ್ರಂಥಾಲಯಗಳಿಗೆ ಮುಟ್ಟಿಸಬೇಕು ಎಂದೂ ಹೇಳಿದೆ. ಮೊದಲ ಭಾಗ ಚಾಚೂತಪ್ಪದೆ ನಡೆಯುತ್ತಿದೆ. ಎರಡನೆಯ ಭಾಗದ ಕತೆ ಹೇಳುವುದಾದರೆ, ಬೆಂಗಳೂರಿನ ಪಾಲಿಕೆ ನೂರಾರು ಕೋಟಿ ಬಾಕಿ ಉಳಿಸಿಕೊಂಡೇ ಸುದ್ದಿಯಾಗಿತ್ತು. ನಾವು ತಡ ಮಾಡಿದರೆ ದಂಡ, ಅವರು ತಡ ಮಾಡಿದರೆ ಪತ್ರ ವ್ಯವಹಾರ.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಹೊತ್ತಿಕೊಂಡಿತು: 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಆಮೇಲೆ ಹೆಸರೂ ‘ಅರಿವು ಕೇಂದ್ರ’ವಾಯಿತು. ಗೋಡೆಗೆ ಬಣ್ಣ ಬಂತು, ಎಷ್ಟೋ ಕಡೆ ಕಂಪ್ಯೂಟರ್ ಬಂತು, ಲಕ್ಷಗಟ್ಟಲೆ ಮಕ್ಕಳ ಹೆಸರು ರಿಜಿಸ್ಟರಿಗೆ ಏರಿತು. ಒಳ್ಳೆಯ ಕೆಲಸ, ಇಲ್ಲ ಎನ್ನುವುದು ಬೇಡ. ಬಾರದೆ ಉಳಿದದ್ದು ಮಕ್ಕಳ ಗ್ರಂಥಪಾಲಕರೆಂಬ ಹುದ್ದೆ ಮಾತ್ರ. ಕನಿಷ್ಠ ವೇತನ ಕೊಡಿ ಎಂದು ಬೀದಿಗಿಳಿದಿದ್ದ ಮೇಲ್ವಿಚಾರಕರ ಹೆಗಲಿಗೇ ಮಕ್ಕಳನ್ನೂ ಏರಿಸಲಾಯಿತು.

ಅಂಕೋಲೆ ಕಡೆಯ ಹಳ್ಳಿಯೊಂದರ ಕೇಂದ್ರದಲ್ಲಿ ಈ ಮಳೆಗಾಲ ಒಂದು ದಿನ ಕುಳಿತು ನೋಡಿದೆ. ಅಲ್ಲಿನ ಮೇಲ್ವಿಚಾರಕಿಯನ್ನು ಮಕ್ಕಳು ಶಾಲೆಯ ರೂಢಿಯಂತೆ ಅಕ್ಕೋರು ಎನ್ನುತ್ತಾರೆ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪೇಪರಿಗೆ ದಾರ ಕಟ್ಟಿ ಮೇಜಿನ ಮೇಲಿಡುವುದು, ಎಲ್ಲ ಅವರೇ. ಆಮೇಲೆ ಹಾಜರಿ ಪುಸ್ತಕದಲ್ಲಿ ಸಹಿ. ಗುಡಿಸಿದ್ದಕ್ಕೆ ಅಲ್ಲಿ ಕಲಂ ಇಲ್ಲ.

ಹತ್ತು ಗಂಟೆಯ ಹೊತ್ತಿಗೆ ಪೇಪರ್ ಓದುವ ಹಿರಿಯರು ಬಂದರು. ಹಿಂದೆಯೇ, ಗೃಹಲಕ್ಷ್ಮಿ ದುಡ್ಡು ಯಾಕೆ ಬರಲಿಲ್ಲ ನೋಡಿ ಹೇಳು ಎನ್ನುತ್ತ ಮೊಬೈಲ್ ಚಾಚಿದ ಅಜ್ಜಿ. ಪಂಚಾಯಿತಿಯಿಂದ ಯಾವುದೋ ಪಟ್ಟಿ ಕೇಳಿ ಫೋನ್. ಇಷ್ಟರ ಮಧ್ಯೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆದೇಶ: ಮಕ್ಕಳು ಓದುತ್ತಿರುವ ಫೋಟೊ ಮಧ್ಯಾಹ್ನ ಒಂದರೊಳಗೆ ಹಾಕಬೇಕು. ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ ಎಂಬುದು ಶಾಲೆಗೆ ಹೋಗಿದ್ದ ಯಾರಿಗಾದರೂ ಹೊಳೆಯಬೇಕಿತ್ತು.

ಮಳೆಗಾಲದ ಕೆಲಸವೇ ಬೇರೆ. ವರ್ಷಕ್ಕೆ 3,000 ಮಿಲಿಮೀಟರ್ ಸಲೀಸಾಗಿ ಸುರಿಯುವ ಈ ಕರಾವಳಿಯಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯಲು ವಾರ ಸಾಕು. ಅಕ್ಕೋರು ಒಂದೊಂದೇ ಪುಸ್ತಕ ತೆಗೆದು, ಒಣ ಬಟ್ಟೆಯಲ್ಲಿ ರಟ್ಟು ಒರೆಸಿ, ಹಾಳೆ ಬಿಡಿಸಿ ಬೆಂಚಿನ ಮೇಲೆ ಫ್ಯಾನಿನ ಕೆಳಗೆ ನಿಲ್ಲಿಸುತ್ತಿದ್ದರು. ಅರ್ಧಕ್ಕೆ ಕರೆಂಟು ಹೋಯಿತು. ಬೀರುವಿನ ಕೆಳ ಅರೆಯಲ್ಲಿ ಗೆದ್ದಲು ಕಂಡದ್ದಕ್ಕೆ ಅಲ್ಲಿದ್ದುದನ್ನೆಲ್ಲ ಮೇಲಕ್ಕೆ ತುರುಕಿದ್ದಾರೆ. ಡಿಜಿಟಲ್ ಗ್ರಂಥಾಲಯ ಇದೆಯಲ್ಲ ಎನ್ನುವವರುಂಟು. ಅದಕ್ಕೆ ಬೂಸ್ಟು ಹಿಡಿಯುವುದಿಲ್ಲ, ನಿಜ. ಆ ಊರಲ್ಲಿ ನೆಟ್‌ವರ್ಕೂ ಸರಿಯಾಗಿ ಹಿಡಿಯುವುದಿಲ್ಲ.

ನಾಲ್ಕೂವರೆ ದಾಟಿದ ಮೇಲೆ ಬಾಗಿಲ ಹೊರಗೆ ಒದ್ದೆ ಚಪ್ಪಲಿಗಳ ರಾಶಿ ಬಿತ್ತು. ‘ಅಕ್ಕೋರೆ, ದೆವ್ವದ ಪುಸ್ತಕ ಇದ್ಯಾ?’ ಕೇಳಿದ ಹುಡುಗನ ಮನೆಮಾತು ಕೊಂಕಣಿ, ಕನ್ನಡದ ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತದೆ. ಅಕ್ಕೋರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ತಾವೇ ಓದತೊಡಗಿದರು. ಯಾರೋ ಬಾಗಿಲು ತಟ್ಟಿದರು ಎಂಬಲ್ಲಿಗೆ ತಟ್ಟನೆ ನಿಲ್ಲಿಸಿ, ‘ಉಳಿದದ್ದು ನೀನೇ ಓದು, ನನಗೆ ಕೆಲಸ ಉಂಟು’ ಎಂದು ಪುಸ್ತಕ ಅವನ ಕೈಗಿಟ್ಟು ಎದ್ದರು. ಹುಡುಗ ಒತ್ತಕ್ಷರಗಳೊಂದಿಗೆ ಗುದ್ದಾಡುತ್ತ ಓದಿದ. ಇಡೀ ದಿನದಲ್ಲಿ ನಾನು ಕಂಡ ಗ್ರಂಥಪಾಲಕಿಯ ಕೆಲಸವೆಂದರೆ ಇದು. ಮೇಲಕ್ಕೆ ಹೋಗುವ ವರದಿಯಲ್ಲಿ ಆ ಹುಡುಗ ಒಂದು ಅಂಕಿ.

ಮುಂದಿನ ವಾರ ಅವನಿಗೆ ಕೊಡಲು ಏನಿದೆ? ‘ಬಾವಲಿ ಗುಹೆ’ ಎಂಬ ಹೆಸರು ಕೇಳಿದರೇ ಇಂಥ ಹುಡುಗರ ಕಿವಿ ನೆಟ್ಟಗಾಗುತ್ತದೆ. ಬರೆದವರು ನಮ್ಮದೇ ಜಿಲ್ಲೆಯ ಸಿದ್ದಾಪುರದ ತಮ್ಮಣ್ಣ ಬೀಗಾರ, 2022ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ನಾವೆಲ್ಲ ಬಾಯಿಪಾಠ ಮಾಡಿದ ಗಡಿಯಾರದ ಪದ್ಯ ಇದೇ ಅಂಕೋಲೆ ತಾಲ್ಲೂಕಿನ ದಿನಕರ ದೇಸಾಯರದ್ದು. ಆ ಬೀರುವಿನಲ್ಲಿ ಇವೆರಡೂ ಕಾಣಲಿಲ್ಲ. ಕೆಎಎಸ್ ಗೈಡುಗಳು ಮಾತ್ರ ಮೂರು ಸಾಲು ಇದ್ದವು.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಒಂದು ಪುಸ್ತಕದ 300 ಪ್ರತಿ ಕೊಳ್ಳುವುದು ರೂಢಿ. ಅದೂ ವರ್ಷಗಟ್ಟಲೆ ತಡ ಎಂದು ಪ್ರಕಾಶಕರು ಗೋಳಾಡುತ್ತಲೇ ಇರುತ್ತಾರೆ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಆರು ಸಾವಿರದ ಹತ್ತಿರ. ಲೆಕ್ಕ ಸರಿಹೋಗದ ಕಡೆ ‘ಪುಸ್ತಕ ಜೋಳಿಗೆ’ ಹಿಡಿಯಿರಿ ಎನ್ನುತ್ತಾರೆ. ಜೋಳಿಗೆಗೆ ಬೀಳುವುದು ಯಾರದೋ ಮನೆಯ ಅಟ್ಟದಲ್ಲಿ ಜಾಗ ಸಾಲದ್ದು. ಸೆಸ್ ಕಟ್ಟಿದವರೇ ಪುಸ್ತಕವನ್ನೂ ಕೊಡಬೇಕೆಂದರೆ ಆ ಶೇ 6 ಯಾವ ಊರಿಗೆ ಹೋಯಿತು?

ಕಾರವಾರದ ಕಡೆಯವರು ನಗಬೇಕಿಲ್ಲ. ಪಟ್ಟಣದ ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ರಜೆ, ಎರಡನೇ ಮಂಗಳವಾರ ರಜೆ, ಸರ್ಕಾರಿ ರಜೆಗೆಲ್ಲ ರಜೆ. ಭಾನುವಾರ ತೆರೆದಿಡುತ್ತಾರೆ ಎಂಬುದು ದೊಡ್ಡ ಉಪಕಾರ. ಉಳಿದ ಬಿಡುವಿನ ದಿನಗಳಲ್ಲಿ ಮಕ್ಕಳು ಟ್ಯಾಗೋರ್ ಕಡಲತೀರದಲ್ಲಿ ಅಲೆ ಎಣಿಸಬಹುದು.

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಉದ್ಘಾಟನೆ, ಹಾರ, ಓದಿನ ಮಹತ್ವದ ಬಗ್ಗೆ ಭಾಷಣ ಎಲ್ಲ ಉಂಟು. ಅಕ್ಕೋರು ಈಗಲೇ ಮಕ್ಕಳಿಗೆ ಹೇಳಿಟ್ಟಿದ್ದಾರೆ: ಉದ್ಘಾಟನೆಯ ದಿನ ಬೆಂಚುಗಳನ್ನು ಹೊರಗೆ ಹಾಕಬೇಕಾಗುತ್ತದೆ, ಓದಲು ಮಾರನೆಯ ದಿನ ಬನ್ನಿ.